ಅಕ್ಕಮ್ಮನಿಗೆ ಇನಿಷಿಯಲ್ ಇಲ್ಲ

ಮೊನ್ನೆ ಸದಾಶಿವನಗರದ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಸರದಿ ಕಾಯುತ್ತ ಕೂತಿದ್ದೆ. ಕೌಂಟರಿನ ಹುಡುಗಿ ಎದ್ದು ನಿಂತು "ಮಿಸೆಸ್ ಗುಬ್ಬಿ, ಮಿಸೆಸ್ ಗುಬ್ಬಿ" ಎಂದು ಎರಡು ಸಲ ಕೂಗಿದಳು. ಯಾರೂ ಏಳಲಿಲ್ಲ. ಅಜ್ಜಿಯ ಜೊತೆ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ತಲೆಯೆತ್ತಿ ಸೂರಿನಲ್ಲೆಲ್ಲ ಗುಬ್ಬಚ್ಚಿಯನ್ನು ಹುಡುಕಿದಳು. ನಾನೂ ಅವಳ ಜೊತೆ ಸ್ವಲ್ಪ ಹುಡುಕಿದೆ. ಮೂರನೆಯ ಸಲ "ಗುಬ್ಬಿ ರಂಗಪ್ಪ ವಿಶಾಲಾಕ್ಷಿ" ಎಂದು ಪೂರ್ತಿ ಕೂಗಿದಾಗ ಗಾಬರಿಯಿಂದ ಎದ್ದೆ. ಆ ಗುಬ್ಬಿ ನಾನೇ.

ನಾನು ಜಿ.ಆರ್. ವಿಶಾಲಾಕ್ಷಿ. ಜಿ ಅಂದರೆ ನಮ್ಮೂರು ಗುಬ್ಬಿ, ಆರ್ ಅಂದರೆ ನಮ್ಮಪ್ಪ ರಂಗಪ್ಪ. ಆಸ್ಪತ್ರೆಯ ಕಂಪ್ಯೂಟರು ಎರಡನ್ನೂ ಬಿಡಿಸಿ ಬರೆಸಿಕೊಂಡು, ಮೊದಲು ಬಂದದ್ದೇ ಹೆಸರು ಎಂದು ತೀರ್ಮಾನಿಸಿತ್ತು. ನಮ್ಮೂರೇ ನಾನಾಗಿ, ನಮ್ಮಪ್ಪ ನಡುವೆ ಸಿಕ್ಕಿಕೊಂಡು, ನಾನು ಕೊನೆಯಲ್ಲಿ ಯಾವುದೋ ಮನೆತನದ ಹೆಸರಾಗಿ ಕೂತಿದ್ದೆ. ಪಾಪ, ಆ ಹುಡುಗಿ ಕ್ಷಮೆ ಕೇಳಿದಳು. ನನಗೆ ಸಿಟ್ಟೇನೂ ಬಂದಿರಲಿಲ್ಲ. ಈ ಮಿಷನ್ನುಗಳಿಗೂ ನಮ್ಮ ಹೆಸರುಗಳಿಗೂ ಇರುವ ಜಗಳ ನನಗೆ ಬಹಳ ಹಳೆಯದು. ಗುಬ್ಬಿ ತಾಲ್ಲೂಕಿನಲ್ಲಿ ಆ ಜಗಳವನ್ನು ಮೊದಲು ಶುರುಮಾಡಿದವಳೂ ನಾನೇ, ಮೊದಲು ಬಗೆಹರಿಸಿದವಳೂ ನಾನೇ ಅಂದರೆ ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ. ಜಂಬವೇ.

ನೀವು ನಮ್ಮ ಕಡೆಯವರಾಗಿದ್ದರೆ ಇನಿಷಿಯಲ್ಲಿನ ಮಹಿಮೆ ನಿಮಗೆ ಹೇಳಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಓದಿದ ಗುಬ್ಬಿಯ ಶಾಲೆಯಲ್ಲಿ ಒಂದೇ ಕ್ಲಾಸಿನಲ್ಲಿ ನಾಲ್ಕು ಜನ ನಾಗರತ್ನಮ್ಮಂದಿರಿದ್ದರು. ಮೇಷ್ಟ್ರು ಅವರನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. ಜಿ.ಎಸ್., ಎನ್.ಕೆ., ಬರೀ ಹೆಚ್., ಇನ್ನೊಬ್ಬಳು "ಆ ಕಡೆಯೋಳು". ಆ ಕಡೆಯೋಳಿಗೆ ಇನಿಷಿಯಲ್ ಇರಲಿಲ್ಲ. ಅವಳನ್ನು ಶಾಲೆಗೆ ಸೇರಿಸಿದ ಅಜ್ಜಿ, ಮೇಷ್ಟ್ರು "ಇನಿಷಿಯಲ್ ಏನಮ್ಮ" ಎಂದು ಕೇಳಿದ್ದಕ್ಕೆ, "ಅದೆಲ್ಲ ಆಗ್ಲೇ ಹಾಕ್ಸಾಗದೆ ಸ್ವಾಮಿ" ಎಂದು ಮಗುವಿನ ತೋಳಿನ ಮೇಲಿದ್ದ ಸಿಡುಬಿನ ಚುಚ್ಚುಮದ್ದಿನ ಕಲೆ ತೋರಿಸಿದ್ದಳಂತೆ. ಈ ಕಥೆಯನ್ನು ಆ ನಾಗರತ್ನಳೇ ನಗುತ್ತ ಹೇಳುತ್ತಿದ್ದಳು.

ನಮ್ಮಮ್ಮನಿಗೂ ಇನಿಷಿಯಲ್ ಇರಲಿಲ್ಲ. ಅವಳ ಹೆಸರು ಅಕ್ಕಮ್ಮ. ಹಿಂದೆ ಇಲ್ಲ, ಮುಂದೆ ಇಲ್ಲ, ಅಷ್ಟೇ. ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಅಮ್ಮ ಕುಣಿಗಲ್ಲಿನವಳು, ನಾಲ್ಕನೇ ಕ್ಲಾಸು ಓದಿದ್ದಳು. ಇಂಗ್ಲಿಷ್ ಅಕ್ಷರಗಳನ್ನು ನನ್ನ ಜೊತೆ ಕೂತು, ಅಪ್ಪನ ಪಂಪ್‌ಸೆಟ್ ಕಂಪನಿಯ ಕ್ಯಾಟಲಾಗಿನಿಂದ ಕಲಿತಿದ್ದಳು. ಹಿತ್ತಲಲ್ಲಿ ಕಾಕಡ, ಕನಕಾಂಬರ ಬೆಳೆಸಿದ್ದಳು. ಅವಳ ಕೈಗೆ ಅದೇನು ಗುಣವೋ, ಬೇರೆಯವರ ಗಿಡ ಒಣಗಿ ನಿಂತಿರುವಾಗಲೂ ನಮ್ಮ ಹಿತ್ತಲಲ್ಲಿ ಬುಟ್ಟಿಗಟ್ಟಲೆ ಹೂವು. ಊರಿನ ಮಹಿಳಾ ಸಮಾಜಕ್ಕೆ ಅವಳು ಮೆಂಬರ್ ಆದದ್ದೂ ಆ ಹೂವಿನಿಂದಲೇ. ಪ್ರತಿ ವರ್ಷದ ದೊಡ್ಡ ಸಭೆಗೆ ಹೂವು ನಮ್ಮ ಮನೆಯಿಂದ ಹೋಗುತ್ತಿತ್ತು.

ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಕಾರ್ಯದರ್ಶಿ ಕಮಲಾಕ್ಷಿಯವರು ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕೂಗುವರು. ಕೂಗಿಸಿಕೊಂಡವರು ಎದ್ದು ಬಂದು ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ತುಂಡು ಹೂವು ತೆಗೆದುಕೊಂಡು ಹೋಗುವರು. ಪಟ್ಟಿಯ ಮೊದಲಲ್ಲಿ ಡಾಕ್ಟರ ಹೆಂಡತಿ ಯಶೋದಮ್ಮನವರು. ಆಮೇಲೆ ವಕೀಲರ ಮನೆಯವರು, ಆಮೇಲೆ ಆಫೀಸರುಗಳ ಮನೆಯವರು, ಟೀಚರುಗಳು, ಅಂಗಡಿಯವರು. ಕೊನೆಗೆ ಒಂದು ಗೆರೆ ಎಳೆದು, ಅದರ ಕೆಳಗೆ "ಇತರೆ". ಅಮ್ಮ ಇತರೆ. ಮೊದಲು ಬಂದವರಿಗೆ ಮೊಳದುದ್ದ ಹೂವು ಧಾರಾಳವಾಗಿ ಕತ್ತರಿಸಿ ಕೊಡುತ್ತಿದ್ದುದರಿಂದ ಇತರೆಯ ಹೊತ್ತಿಗೆ ಬುಟ್ಟಿ ಬರಿದಾಗುತ್ತಿತ್ತು. "ಹೂವು ಮುಗೀತು, ಬೇಜಾರ್ ಮಾಡ್ಕೋಬೇಡಿ" ಎಂದು ಕಮಲಾಕ್ಷಿಯವರು ನಗುತ್ತ ಹೇಳುವರು. ಬೆಳಗ್ಗೆ ಆರು ಗಂಟೆಯಿಂದ ಬೆನ್ನು ಬಗ್ಗಿಸಿ ಆ ಹೂವನ್ನೆಲ್ಲ ಕಟ್ಟಿದ ಅಮ್ಮ ಬರೀ ಎಲೆ ಅಡಿಕೆ ಹಿಡಿದು ಬೋಳು ತುರುಬಿನಲ್ಲಿ ಮನೆಗೆ ಬರುವಳು. ಒಂದು ವರ್ಷವಲ್ಲ, ಆರು ವರ್ಷ. ಅವಳು ಒಂದು ದಿನವೂ ದೂರಲಿಲ್ಲ. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಯಶೋದಮ್ಮನವರ ಮೇಲಂತೂ, ಅವರೇನೂ ಮಾಡದಿದ್ದರೂ, ನನಗೆ ವಿಪರೀತ ಕೋಪ.

ಈ ಹೊಟ್ಟೆ ಉರಿ ಇಟ್ಟುಕೊಂಡೇ ನಾನು ಎಂಬತ್ತರ ದಶಕದ ನಡುವೆ, ಬಿ.ಎಸ್ಸಿ. ಮುಗಿಸಿ, ತುಮಕೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಕ್ಲಾಸು ಅಂದರೆ ಒಂದು ಸೈಕಲ್ ಶಾಪಿನ ಮೇಲಿನ ಕೋಣೆ. ಎಂಟು ಜನ ವಿದ್ಯಾರ್ಥಿಗಳು, ಒಂದು ಕಂಪ್ಯೂಟರ್. ಅದು ನೋಡಲು ದಪ್ಪ ಕೀಬೋರ್ಡು ಅಷ್ಟೇ. ಪರದೆಯ ಬದಲು ಕಪ್ಪು ಬಿಳುಪು ಟಿವಿ. ಬರೆದ ಪ್ರೋಗ್ರಾಮನ್ನು ಉಳಿಸಬೇಕಾದರೆ ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ರೆಕಾರ್ಡ್ ಮಾಡಬೇಕು. ನಾನು ಅಪ್ಪನ ಹರಿಕಥೆಯ ಕ್ಯಾಸೆಟ್ ಒಯ್ದಿದ್ದೆ. ನನ್ನ ಪ್ರೋಗ್ರಾಮು ಕೀ ಕೀ ಎಂದು ಕಿರುಚಿ ಮುಗಿದ ಕೂಡಲೇ ದಾಸರು ನಡುವಿನಿಂದ ಕಥೆ ಮುಂದುವರಿಸುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು. ಶೂಸು ಬಿಚ್ಚಿಟ್ಟು ಒಳಗೆ ಬರಬೇಕಿತ್ತು, ಕಂಪ್ಯೂಟರಿಗೆ ಧೂಳು ಆಗುವುದಿಲ್ಲ ಅಂತ. ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಗಂಟೆ. ಉಳಿದ ಹೊತ್ತು ನೋಟ್ ಪುಸ್ತಕದಲ್ಲಿ ಪ್ರೋಗ್ರಾಮ್ ಬರೆದು, ನಾವೇ ಕಂಪ್ಯೂಟರ್ ಎಂದುಕೊಂಡು ಬೆರಳಿಟ್ಟು ಸಾಲು ಸಾಲಾಗಿ ಓಡಿಸಿ ನೋಡುವುದು. ಈಗಿನವರಿಗೆ ಹೇಳಿದರೆ ಪಾಪ ಅನ್ನುತ್ತಾರೆ. ಪಾಪ ಏನಿಲ್ಲ, ನಮ್ಮ ತಲೆ ಚುರುಕಾದದ್ದೇ ಹಾಗೆ.

ಕಲಿಸುತ್ತಿದ್ದವರು ಪುಟ್ಟಸ್ವಾಮಿ ಸರ್. ಕ್ಯಾತ್ಸಂದ್ರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮೊದಲ ತಿಂಗಳೆಲ್ಲ ಕೂಡಿಸು, ಕಳೆ, ಗುಣಿಸು ಆಯಿತು. ಅಷ್ಟಕ್ಕೆ ಕ್ಯಾಲ್ಕುಲೇಟರ್ ಸಾಕಲ್ಲ ಎಂದು ನನಗೆ ಒಳಗೊಳಗೇ ಬೇಸರವಾಗಿತ್ತು. ಎರಡನೇ ತಿಂಗಳು ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಎನ್ ಎಂದು ಬರೆದು, ಪಕ್ಕಕ್ಕೆ ಡಾಲರ್ ಗುರುತು ಹಾಕಿದರು. "ಇದು ಎನ್ ಡಾಲರ್. ಇದರೊಳಗೆ ಲೆಕ್ಕ ಇರಲ್ಲ, ಅಕ್ಷರ ಇರ್ತವೆ. ಇದಕ್ಕೆ ಸ್ಟ್ರಿಂಗ್ ಅಂತಾರೆ" ಅಂದರು. ಡಾಲರ್ ಎಂದು ಕೇಳಿ ಹಿಂದಿನ ಬೆಂಚಿನವರಿಗೆ ಆಸೆ ಹುಟ್ಟಿತು. ನಾನು ಸ್ಟ್ರಿಂಗ್ ಎಂದರೆ ದಾರ ಎಂದು ಬರೆದುಕೊಂಡೆ. ಸರ್ ನನ್ನ ಪುಸ್ತಕ ನೋಡಿ, ದಾರ ಅಲ್ಲ ಕಣಮ್ಮ, ದಾರಕ್ಕೆ ಪೋಣಿಸಿದ ಮಣಿ ಸರ ಅಂದುಕೋ, ಒಂದೊಂದು ಅಕ್ಷರವೂ ಒಂದೊಂದು ಮಣಿ ಎಂದು ತಿದ್ದಿದರು. ಸರದಲ್ಲಿ ಎಷ್ಟು ಮಣಿಯಿದೆ ಎಂದು ಎಣಿಸಬಹುದು, ಎಡಗಡೆಯಿಂದ ನಾಲ್ಕು ಮಣಿ ಕತ್ತರಿಸಿಕೊಳ್ಳಬಹುದು, ನಡುವಿನಿಂದ ಎರಡು ಕೀಳಬಹುದು, ಎರಡು ಸರ ಸೇರಿಸಿ ಒಂದು ಮಾಡಬಹುದು.

ಅವತ್ತು ನನಗಾದ ಸಂತೋಷ ಇವತ್ತಿಗೂ ಮರೆತಿಲ್ಲ. ಟಿವಿಯ ಮೇಲೆ ನನ್ನ ಹೆಸರು ಮೂಡಿತು. ಅದರಲ್ಲಿ ಎಷ್ಟು ಅಕ್ಷರ ಎಂದು ಕೇಳಿದರೆ ಮಿಷನ್ನು ಎಣಿಸಿ ಹೇಳಿತು. ಸಂಖ್ಯೆಗಳನ್ನು ಬಿಟ್ಟು ಅದಕ್ಕೇನೂ ಗೊತ್ತಿಲ್ಲ ಅಂದುಕೊಂಡಿದ್ದ ಮಿಷನ್ನಿಗೆ ಮನುಷ್ಯರ ಹೆಸರೂ ತಿಳಿಯುತ್ತದೆ! ಅಸಲಿಗೆ ಏನೂ ತಿಳಿಯುವುದಿಲ್ಲ, ಅದಕ್ಕೆ ಬರೀ ಅಕ್ಷರ ಎಣಿಸಲು ಬರುತ್ತದೆ ಎಂಬುದು ನನಗೆ ತಿಳಿದದ್ದು ಸ್ವಲ್ಪ ಆಮೇಲೆ. ಹೆಸರುಗಳನ್ನು ಎ ಬಿ ಸಿ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮು ಕಲಿಸಿದ ದಿನ ಗುಬ್ಬಿಗೆ ವಾಪಸಾಗುವ ರೈಲಿನಲ್ಲಿ ಕೂತಾಗ ತಲೆಯಲ್ಲಿ ಒಂದೇ ಯೋಚನೆ. ಎ ಬಿ ಸಿ ಕ್ರಮದಲ್ಲಿ ಜೋಡಿಸಿದರೆ ಅಕ್ಕಮ್ಮ ಮೊದಲು ಬರುತ್ತಾಳೆ. ಯಶೋದಮ್ಮ ಕೊನೆಗೆ ಹೋಗುತ್ತಾರೆ. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ, ಇಂಗ್ಲಿಷಿನವರು ಮಾಡಿಟ್ಟ ಕ್ರಮ. ಅಹಲ್ಯಾ ಎನ್ನುವವರೊಬ್ಬರು ಅಡ್ಡ ಬರುವ ಹಾಗಿತ್ತು, ದೇವರು ದೊಡ್ಡವನು, ಅವರ ಯಜಮಾನರಿಗೆ ತಿಪಟೂರಿಗೆ ವರ್ಗವಾಗಿತ್ತು.

ಮಾರನೆಯ ದಿನವೇ ಕಮಲಾಕ್ಷಿಯವರ ಮನೆಗೆ ಹೋಗಿ, ಈ ಸಲದ ಮೆಂಬರುಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ ಎಂದೆ. ಜಿಲ್ಲೆಯಲ್ಲೇ ಯಾವ ಸಮಾಜದಲ್ಲೂ ಹೀಗೆ ಆಗಿಲ್ಲ ಮೇಡಂ ಎಂದು ಸ್ವಲ್ಪ ಗಾಳಿಯನ್ನೂ ಹಾಕಿದೆ. ಅವರು ಖುಷಿಯಾಗಿ ಒಪ್ಪಿದರು. ಯಾವ ಕ್ರಮ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದೇ ಷರತ್ತು. ಸಭೆ ಭಾನುವಾರ, ಪಟ್ಟಿ ಶನಿವಾರ ಸಂಜೆಯೊಳಗೆ ಅವರ ಕೈಯಲ್ಲಿರಬೇಕು. ಇಲ್ಲವಾದರೆ ಹೋದ ವರ್ಷದ್ದನ್ನೇ ಓದುತ್ತೇನೆ ಅಂದರು. ಹೋದ ವರ್ಷದ್ದು ಅಂದರೆ ಮತ್ತೆ ಅದೇ ಗೆರೆ, ಅದರ ಕೆಳಗೆ ಅದೇ ಇತರೆ.

ನೂರಾ ಹನ್ನೆರಡು ಹೆಸರು. ಆ ಮಿಷನ್ನಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ. ಲಕ್ಷ್ಮಮ್ಮ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದುಕೊಂಡಿದ್ದರು. ಒಂದೇ ಓಣಿಯ ಇಬ್ಬರು ಲಕ್ಷ್ಮಮ್ಮಂದಿರಿಗೆ ಯಾವ ಸಂಬಂಧವೂ ಇಲ್ಲವೆಂದು ಮಿಷನ್ನು ಹೇಳಿಬಿಟ್ಟಿತು. ಅದು ನಿಜವೂ ಹೌದು, ಅವರಿಬ್ಬರೂ ಮಾತು ಬಿಟ್ಟಿದ್ದರು.

ಮೊದಲ ಸಲ ಜೋಡಿಸಿದಾಗ ಬಂದ ಪಟ್ಟಿ ನೋಡಿ ಪುಟ್ಟಸ್ವಾಮಿ ಸರ್ ನಕ್ಕರು. ಮಿಷನ್ನು ಮೊದಲ ಅಕ್ಷರ ನೋಡಿ ಜೋಡಿಸುತ್ತದೆ. ನಮ್ಮವರ ಮೊದಲ ಅಕ್ಷರ ಇನಿಷಿಯಲ್, ಇನಿಷಿಯಲ್ ಅಂದರೆ ಊರು. ಹಾಗಾಗಿ ಜಿ ಇದ್ದ ಗುಬ್ಬಿಯವರೆಲ್ಲ ಒಂದು ಕಡೆ, ಕೆ ಇದ್ದ ಕುಣಿಗಲ್ಲಿನವರು ಒಂದು ಕಡೆ, ಎನ್ ಇದ್ದ ನಿಟ್ಟೂರಿನವರು ಒಂದು ಕಡೆ ಗುಂಪು ಕಟ್ಟಿ ನಿಂತಿದ್ದರು. ಇದು ಹೆಂಗಸರ ಪಟ್ಟಿ ಅಲ್ಲ ಕಣಮ್ಮ, ಬಸ್ ಸ್ಟ್ಯಾಂಡ್ ಬೋರ್ಡು ಅಂದರು ಸರ್. ನಿಜ ಹೇಳಬೇಕೆಂದರೆ ಆ ಪಟ್ಟಿಯಲ್ಲೂ ಅಮ್ಮ ಮೂರನೆಯವಳಾಗಿದ್ದಳು. ಆದರೆ ಯಶೋದಮ್ಮನವರ ಇನಿಷಿಯಲ್ ಬಿ ಆದ್ದರಿಂದ ಅವರು ನಾಲ್ಕನೆಯವರಾಗಿ ಅಮ್ಮನ ಹಿಂದೆಯೇ ಅಂಟಿಕೊಂಡಿದ್ದರು. ಅದನ್ನು ನನಗೆ ಸಹಿಸಲಾಗಲಿಲ್ಲ.

ಇನಿಷಿಯಲ್ಲನ್ನು ಕತ್ತರಿಸಿ ಹಿಂದಕ್ಕೆ ಹಾಕಿದರಾಯಿತು ಅಂದುಕೊಂಡೆ. ಜಿ, ಚುಕ್ಕೆ, ಆರ್, ಚುಕ್ಕೆ. ಒಟ್ಟು ನಾಲ್ಕು ಮಣಿ. ಎಡಗಡೆಯಿಂದ ನಾಲ್ಕು ಮಣಿ ಕಿತ್ತು, ಐದನೆಯದರಿಂದ ಹೆಸರು ಎಂದು ತಿಳಿದು, ಕಿತ್ತ ನಾಲ್ಕನ್ನು ಕೊನೆಗೆ ಅಂಟಿಸು ಎಂದು ಬರೆದೆ. ಹತ್ತು ಹೆಸರು ಹಾಕಿ ನೋಡಿದೆ. ಸೊಗಸಾಗಿ ಬಂತು. ಆ ಹತ್ತೂ ಪಟ್ಟಿಯ ಮೇಲಿನ ಹತ್ತು ಹೆಸರು, ಡಾಕ್ಟರು ವಕೀಲರ ಮನೆಯವರು, ಎಲ್ಲರಿಗೂ ಎರಡೆರಡು ಇನಿಷಿಯಲ್. ನೂರಾ ಹನ್ನೆರಡನ್ನೂ ಓಡಿಸಿ, ಪ್ರಿಂಟರು ಕರಕರ ಎಂದು ಹೊರಗೆ ಹಾಕಿದ ಕಾಗದವನ್ನು ನೋಡುವ ತಾಳ್ಮೆಯೂ ಇಲ್ಲದೆ ಮಡಿಸಿಕೊಂಡು ರೈಲು ಹತ್ತಿದೆ. ಎರಡು ಬದಿಗೆ ತೂತಿದ್ದ ಆ ಕಾಗದವನ್ನು ಎದುರು ಕೂತವರು ನೋಡಲಿ ಎಂದು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಅಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಕಾಗದ ಬಿಡಿಸಿ ಅವಳ ಮುಂದಿಟ್ಟು, ಮೊದಲನೇ ಹೆಸರು ಓದು ಅಂದೆ. ಅವಳು ಓದಿದಳು. ಅದು ಯಾರೋ ಅನಸೂಯಮ್ಮ. ಅಮ್ಮ ಬೆರಳಿಟ್ಟು ಕೆಳಗೆ ಕೆಳಗೆ ಹೋದಳು. ಬಹಳ ಹೊತ್ತಿನ ಮೇಲೆ ಎಂ ಅಕ್ಷರದ ಸಾಲಿನಲ್ಲಿ ಬೆರಳು ನಿಂತಿತು. ನಾನು ಬಗ್ಗಿ ನೋಡಿದೆ. "ಮ್ಮ ಅಕ್ಕ" ಎಂದಿತ್ತು. ಮಿಷನ್ನು ನಾಲ್ಕು ಮಣಿ ಕೀಳು ಅಂದದ್ದಕ್ಕೆ ನಮ್ಮಮ್ಮನ ಹೆಸರಿನಿಂದಲೂ ನಾಲ್ಕು ಮಣಿ ಕಿತ್ತಿತ್ತು. ಅಕ್ಕ ಇನಿಷಿಯಲ್ಲಾಗಿ ಹಿಂದಕ್ಕೆ ಹೋಗಿ, ಬರೀ ಮ್ಮ ಹೆಸರಾಗಿ ಉಳಿದಿತ್ತು. ಒಂದೇ ಇನಿಷಿಯಲ್ ಇದ್ದ ಪಕ್ಕದ ಮನೆಯ ನಿಂಗಮ್ಮ ಅರ್ಧ ತುಂಡಾಗಿ ಬಿದ್ದಿದ್ದಳು. ಇತರೆಯಲ್ಲಿದ್ದ ಮೂವತ್ತು ಚಿಲ್ಲರೆ ಹೆಂಗಸರಲ್ಲಿ ಇನಿಷಿಯಲ್ ಇದ್ದವರೇ ಕಮ್ಮಿ. ಒಬ್ಬೊಬ್ಬರ ಹೆಸರೂ ಚೂರು ಚೂರು. ಗೆರೆ ಎಳೆದು ಕೂರಿಸಿದ ಕಮಲಾಕ್ಷಿಯವರು ಹೆಸರನ್ನಾದರೂ ಪೂರ್ತಿ ಬರೆಯುತ್ತಿದ್ದರು. ನಾನು ಅದನ್ನೂ ಕಿತ್ತುಕೊಂಡಿದ್ದೆ.

"ನನ್ ಹೆಸರು ಮೊದ್ಲೇ ಗೇಣುದ್ದ ಇಲ್ಲ. ಅದನ್ನೂ ತಿಂದ್ಬುಡ್ತಾ ನಿನ್ ಮಿಷನ್ನು?" ಅಂದಳು ಅಮ್ಮ. ನಗುತ್ತಲೇ ಅಂದಳು. ಆದರೆ ಕಾಗದವನ್ನು ಮಡಿಸಿ ನನಗೆ ವಾಪಸು ಕೊಟ್ಟ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಸಭೆಯಿಂದ ಬಂದ ದಿನ ಎಲೆ ಅಡಿಕೆಯನ್ನು ದೇವರ ಮುಂದೆ ಇಡುತ್ತಿದ್ದುದೂ ಹಾಗೆಯೇ. ನನಗೆ ನಾಚಿಕೆಯಿಂದ ಊಟ ಸೇರಲಿಲ್ಲ.

ಅವತ್ತು ಮಂಗಳವಾರ. ಬುಧವಾರ ಸರ್ ಹತ್ತಿರ ಹೇಳಿಕೊಂಡೆ. ಅವರು ಬಹಳ ಸುಲಭದ ದಾರಿ ತೋರಿಸಿದರು. ಪ್ರೋಗ್ರಾಮು ಸರಿಯಾಗಿದೆ, ಹೆಸರುಗಳು ಸರಿಯಿಲ್ಲ, ಎಲ್ಲರಿಗೂ ಎರಡೆರಡು ಇನಿಷಿಯಲ್ ಕೊಟ್ಟುಬಿಡು ಅಂದರು. ನಿಮ್ಮಮ್ಮನಿಗೂ ನಿನ್ನದೇ ಜಿ.ಆರ್. ಹಾಕು, ಐದು ನಿಮಿಷದ ಕೆಲಸ. ನನಗೂ ಸರಿಯೆನ್ನಿಸಿತು. ಸಂಜೆ ಅಮ್ಮನಿಗೆ ಹೇಳಿದೆ, ಜಿ.ಆರ್. ಅಕ್ಕಮ್ಮ ಅಂತ ಮಾಡ್ತೀನಿ, ಕೇಳೋದಕ್ಕೂ ಜೋರಾಗಿರುತ್ತೆ ಎಂದು. ಅಮ್ಮ ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟಳು.

"ನಾನ್ ಹುಟ್ಟಿ ನಲ್ವತ್ತೈದು ವರ್ಷ ಆಯ್ತು, ಅಕ್ಕಮ್ಮ ಅಂತ್ಲೇ ಇದೀನಿ. ನಿನ್ ಮಿಷನ್ನು ಹೋದ್ವರ್ಷ ಬಂದಿರೋದು. ಬೇಕಾದ್ರೆ ಅದೇ ಕಲ್ತ್ಕೊಳ್ಲಿ ಬುಡು" ಅಂದಳು.

ಅಷ್ಟು ಹೇಳಿ ಮತ್ತೆ ಹೂವು ಕಟ್ಟಲು ಶುರುಮಾಡಿದಳು. ಆಮೇಲೆ ನಾನು ಎಷ್ಟೋ ವರ್ಷ ಕಂಪ್ಯೂಟರುಗಳ ಜೊತೆ ಕೆಲಸ ಮಾಡಿದೆ, ಎಷ್ಟೋ ದೊಡ್ಡ ಮನುಷ್ಯರ ಭಾಷಣ ಕೇಳಿದೆ. ಈ ಮಾತಿಗಿಂತ ದೊಡ್ಡ ಮಾತನ್ನು ಯಾರೂ ಆಡಿದ್ದು ಕೇಳಲಿಲ್ಲ. ಆದರೆ ಅವತ್ತು ನನಗೆ ಅದು ದೊಡ್ಡ ಮಾತು ಅನ್ನಿಸಲಿಲ್ಲ, ಬರೀ ಹಟ ಅನ್ನಿಸಿತು. ಮಿಷನ್ನು ಕಲಿತುಕೊಳ್ಳುವುದು ಅಂದರೆ ನಾನು ಕಲಿಸುವುದು. ಕಲಿಸುವುದು ಹೇಗೆ? ಒಬ್ಬರಿಗೆ ಎರಡು ಇನಿಷಿಯಲ್, ಒಬ್ಬರಿಗೆ ಒಂದು, ಒಬ್ಬರಿಗೆ ಇಲ್ಲವೇ ಇಲ್ಲ. ಹೊಸಹಳ್ಳಿಯ ಕಡೆಯ ಒಬ್ಬರಿಗಂತೂ ಊರು, ತಾತ, ಅಪ್ಪ ಎಲ್ಲ ಸೇರಿ ಮೂರು. ಎಲ್ಲಿಗೆ ಕತ್ತರಿ ಹಾಕಲಿ? ಹೆಂಗಸರ ಹೆಸರೆಲ್ಲ "ಅಮ್ಮ" ಎಂದು ಮುಗಿಯುತ್ತದಲ್ಲ, ಅದನ್ನು ಹಿಡಿದು ಏನಾದರೂ ಮಾಡಬಹುದೇ ಎಂದೂ ಯೋಚಿಸಿದೆ. ಅದರಿಂದ ಎಲ್ಲರೂ ಅಮ್ಮಂದಿರು ಎಂಬುದು ಮಾತ್ರ ಗೊತ್ತಾಯಿತು.

ಗುರುವಾರ ಕ್ಲಾಸಿಗೆ ರಜೆ. ಕುಣಿಗಲ್ಲಿನಲ್ಲಿ ಚಿಕ್ಕಣ್ಣ ಮಾವನ ಮಗಳ ಸೀಮಂತ, ಹೂವು ತಲುಪಿಸಿ ಬಾ ಎಂದು ಅಮ್ಮ ಬುಟ್ಟಿ ಕೊಟ್ಟು ಬಸ್ಸು ಹತ್ತಿಸಿದಳು. ಚಿಕ್ಕಣ್ಣ ಮಾವ ಅಮ್ಮನ ಅಣ್ಣ, ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುತ್ತಿದ್ದ. ಬೇಸಿಗೆ ರಜೆಯಲ್ಲಿ ನಾವು ಕುಣಿಗಲ್ಲಿಗೆ ಹೋದಾಗ ಬೇರೆ ಮಕ್ಕಳು ಕೆರೆ ಏರಿಗೋ, ಫಾರಮ್ಮಿನ ಕುದುರೆ ನೋಡುವುದಕ್ಕೋ ಓಡಿದರೆ ನಾನು ಮಾವನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಗೋಡೆಯಲ್ಲಿದ್ದ ಮರದ ಗೂಡುಗಳಿಗೆ ಅವನು ಕಾರ್ಡು, ಕವರುಗಳನ್ನು ಎಸೆಯುವುದನ್ನು ನೋಡುವುದೇ ಒಂದು ಚಂದ. ಗೋಂದಿನ ವಾಸನೆ, ಮೊಹರಿನ ಶಾಯಿಯ ವಾಸನೆ. ಬಾಯಲ್ಲಿ ಯಾರ ಜೊತೆಗೋ ಮಾತು, ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಕಾಗದ ಮಾತ್ರ ತಪ್ಪದೆ ತನ್ನ ಗೂಡಿಗೆ. ಒಂದೊಂದು ವಿಳಾಸದ ಮೇಲೆ ಅರ್ಧ ಪುರಾಣ ಬರೆದಿರುತ್ತಿದ್ದರು. ಚಿರಂಜೀವಿ, ಮಹಾರಾಜರಾಜಶ್ರೀ, ಇಂಥವರ ಮಗ, ಇಂಥವರ ಅಳಿಯ, ಮಾರ್ಫತ್ ಇಂಥವರು.

ಆ ಗುರುವಾರವೂ ಮನೆಗೆ ಹೋಗುವ ಮೊದಲು ಮಾವನನ್ನು ನೋಡಲು ಅಂಚೆ ಕಚೇರಿಗೇ ಹೋದೆ. ಬೆಳಗಿನ ಟಪಾಲು ಮುಗಿಸಿಯೇ ಸೀಮಂತಕ್ಕೆ ಹೋಗುವುದೆಂದು ಅವನು ಇನ್ನೂ ಕೆಲಸದಲ್ಲಿದ್ದ. ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಅದೇ ಸ್ಟೂಲಿನ ಮೇಲೆ ಕೂತು ನನ್ನ ಗೋಳು ಹೇಳಿಕೊಂಡೆ. ಕಂಪ್ಯೂಟರ್ ಎಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ಹೆಸರಿನ ಮುಂದೆ ಒಬ್ಬೊಬ್ಬರಿಗೆ ಒಂದೊಂದು ಥರ ಇದೆ, ಎಲ್ಲಿಂದ ಹೆಸರು ಶುರುವಾಗುತ್ತೆ ಅಂತಲೇ ತಿಳಿಯಲ್ಲ ಮಾವ, ನಿನಗೆ ಹೇಗೆ ತಿಳಿಯುತ್ತೆ ಎಂದೆ. ಅವನು ಕಾಗದ ಎಸೆಯುವುದನ್ನು ನಿಲ್ಲಿಸಲಿಲ್ಲ.

"ಮೇಲಿಂದ ಓದ್ಬಾರ್ದು ಕಣವ್ವ. ಮೇಲ್ಗಡೆ ಶ್ರೀ ಇರ್ಲಿ, ಶ್ರೀಮತಿ ಇರ್ಲಿ, ಏನೂ ಇಲ್ದೆ ಹೋಗ್ಲಿ, ನಮಗ್ಯಾಕೆ. ಕೆಳ್ಗಡೆ ಇರೋದು ಮಾತ್ರ ಇದ್ದೇ ಇರ್ತದೆ. ಕೊನೆಯಿಂದ ಹಿಡ್ಕೊಂಡ್ ಬಾ" ಅಂದ.

ನಾನು ಎದ್ದು ನಿಂತುಬಿಟ್ಟೆ. ಬುಟ್ಟಿ ಜಾರಿ ಕನಕಾಂಬರವೆಲ್ಲ ಕಾಗದಗಳ ಮೇಲೆ ಚೆಲ್ಲಿತು. ಕೊನೆಯಿಂದ! ಇನಿಷಿಯಲ್ ಒಂದಿರಲಿ, ಮೂರಿರಲಿ, ಇಲ್ಲದೆ ಹೋಗಲಿ, ಹೆಸರು ಮಾತ್ರ ಯಾವಾಗಲೂ ಕೊನೆಯಲ್ಲೇ ಇರುತ್ತದೆ. ಕೊನೆಯ ಮಣಿಯಿಂದ ಒಂದೊಂದಾಗಿ ಹಿಂದಕ್ಕೆ ಬರಬೇಕು. ಚುಕ್ಕೆ ಸಿಕ್ಕಿದರೆ ಅಲ್ಲಿ ನಿಲ್ಲಬೇಕು, ಅದರ ಈಚೆಗಿರುವುದು ಹೆಸರು. ಮೊದಲನೆಯ ಮಣಿಯವರೆಗೂ ಬಂದರೂ ಚುಕ್ಕೆ ಸಿಗದಿದ್ದರೆ? ಆಗ ಏನನ್ನೂ ಕತ್ತರಿಸಬಾರದು. ಇಡೀ ಸರವೇ ಹೆಸರು. ಅಕ್ಕಮ್ಮ ಪೂರ್ತಿ ಅಕ್ಕಮ್ಮ. ಮಾವ ಕಾಗದಗಳ ನಡುವಿನಿಂದ ಹೂವು ಆರಿಸುತ್ತ ಬೈಯುತ್ತಿದ್ದ. ಸೀಮಂತದ ಮನೆಯಲ್ಲಿ ನಾನು ಏನು ತಿಂದೆನೋ, ಯಾರ ಜೊತೆ ಏನು ಮಾತಾಡಿದೆನೋ ನೆನಪಿಲ್ಲ. ಬಸ್ ಟಿಕೆಟ್ಟಿನ ಹಿಂದೆ ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದುಕೊಂಡಿದ್ದು ನೆನಪಿದೆ.

ಶುಕ್ರವಾರ ನನ್ನ ಅರ್ಧ ಗಂಟೆಯಲ್ಲಿ ಆ ನಾಲ್ಕು ಸಾಲು ಸೇರಿಸಿ ಓಡಿಸಿದೆ. ಈ ಸಲ ಪ್ರಿಂಟರಿನ ಮುಂದೆಯೇ ನಿಂತೆ. ಮೊದಲನೆಯ ಹೆಸರು ಅಕ್ಕಮ್ಮ. ಕಣ್ಣಿನಲ್ಲಿ ನೀರು ಬಂತು. ಬಂದದ್ದನ್ನು ಹೇಳಲು ನನಗೇನು ಸಂಕೋಚ. ಅದರ ಮೇಲಿನ ಒಂದು ಸಾಲಿನಲ್ಲಿ ಮಾತ್ರ ಹೆಸರಿನ ಜಾಗ ಖಾಲಿಯಾಗಿ ಬಂದಿತ್ತು. ಹುಡುಕಿ ನೋಡಿದರೆ ಅದು ಕಾರ್ಯದರ್ಶಿ ಕಮಲಾಕ್ಷಿಯವರು. ಅವರು ಹೆಸರಿನ ಕೊನೆಗೆ ಬಿ.ಎ. ಎಂದು ಬರೆದುಕೊಂಡಿದ್ದರು. ಕೊನೆಯ ಮಣಿಯೇ ಚುಕ್ಕೆ, ಅದರ ಈಚೆಗೆ ಏನೂ ಇಲ್ಲ. ನಮ್ಮಮ್ಮನ ಹೆಸರನ್ನು ಮುಟ್ಟಬಾರದು ಎಂದು ಮೂರು ದಿನ ಒದ್ದಾಡಿದ ನಾನು ಕಮಲಾಕ್ಷಿಯವರ ಬಿ.ಎ.ಯನ್ನು ಒಂದು ಕ್ಷಣವೂ ಯೋಚಿಸದೆ ಅಳಿಸಿದೆ. ಅದು ನ್ಯಾಯವಲ್ಲ, ಗೊತ್ತು. ಪುಟ್ಟಸ್ವಾಮಿ ಸರ್ ಪ್ರೋಗ್ರಾಮನ್ನು ಬೆರಳಿಟ್ಟು ಓದಿ, ಹೆಸರು ತಿದ್ದು ಅಂದರೆ ಪ್ರೋಗ್ರಾಮನ್ನೇ ತಿದ್ದಿದ್ದೀಯ, ಇದು ನನಗೇ ಹೊಳೆದಿರಲಿಲ್ಲ ಅಂದರು. ಹೊಳೆದದ್ದು ನನಗೂ ಅಲ್ಲ, ಕುಣಿಗಲ್ ಅಂಚೆ ಕಚೇರಿಗೆ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಶನಿವಾರ ಕಮಲಾಕ್ಷಿಯವರ ಕೈಗೆ ಪಟ್ಟಿ ಕೊಟ್ಟೆ. ಮೊದಲ ಹೆಸರು ನೋಡಿದರು, ಕೊನೆಯ ಹೆಸರು ನೋಡಿದರು, ಇದೇನಮ್ಮ ಯಶೋದಮ್ಮನವರನ್ನು ಕೊನೆಗೆ ಹಾಕಿದ್ದೀಯ ಎಂದರು. "ಕಂಪ್ಯೂಟರ್ ಹಾಗೆ ಹೇಳುತ್ತೆ ಮೇಡಂ" ಅಂದೆ. ಈಗ ಎಲ್ಲ ಕೌಂಟರುಗಳಲ್ಲೂ ಎಲ್ಲರೂ ಹೇಳುವ ಈ ಮಾತನ್ನು ಗುಬ್ಬಿಯಲ್ಲಿ ಮೊದಲು ಹೇಳಿದವಳು ನಾನೇ ಇರಬೇಕು. ತಮ್ಮ ಬಿ.ಎ. ಎಲ್ಲಿ ಎಂದೂ ಕೇಳಿದರು. ಮಿಷನ್ನು ಡಿಗ್ರಿ ಒಪ್ಪುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು. ಆದರೆ ಕಂಪ್ಯೂಟರ್ ಪಟ್ಟಿ ಬರುತ್ತದೆ ಎಂದು ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದರು.

ಭಾನುವಾರ ಸಭೆ ತುಂಬಿತ್ತು. ಅಮ್ಮ ಎಂದಿನಂತೆ ಹಿಂದಿನ ಸಾಲಿನಲ್ಲಿ ನಿಂಗಮ್ಮನ ಪಕ್ಕ ಕೂತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕಮಲಾಕ್ಷಿಯವರು ಆ ಉದ್ದನೆಯ ಕಾಗದ ಬಿಡಿಸಿ, ಎಲ್ಲರೂ ನೋಡಲಿ ಎಂದು ಎತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡು ಕೂಗಿದರು. "ಅಕ್ಕಮ್ಮ." ಯಾರೂ ಏಳಲಿಲ್ಲ. ತನ್ನ ಹೆಸರು ಬರುವುದು ಜನ ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿಗೆ ಎಂಬುದು ಅಮ್ಮನಿಗೆ ಆರು ವರ್ಷದ ಅಭ್ಯಾಸ. ಎರಡನೆಯ ಸಲ ಕೂಗಿದಾಗ ನಿಂಗಮ್ಮ ತಿವಿದಳು. ಅಮ್ಮ ಎದ್ದು ಸೆರಗು ಸರಿಮಾಡಿಕೊಂಡು, "ಇದೀನಿ" ಅಂದಳು. ಹಿಂದಿನ ಸಾಲಿನಿಂದ ಮುಂದಿನವರೆಗೆ, ವಕೀಲರ ಮನೆಯವರನ್ನೂ ಆಫೀಸರುಗಳ ಮನೆಯವರನ್ನೂ ದಾಟಿಕೊಂಡು ನಡೆದು ಹೋದಳು. ಮೊದಲ ತುಂಡು ಹೂವು ತೆಗೆದುಕೊಂಡು, ಎಲ್ಲರೆದುರೇ ನಿಂತು ತುರುಬಿಗೆ ಮುಡಿದುಕೊಂಡು, ನಿಧಾನವಾಗಿ ತನ್ನ ಜಾಗಕ್ಕೆ ಬಂದಳು.

ಆಮೇಲೆ ಒಬ್ಬೊಬ್ಬರ ಹೆಸರೂ ಪೂರ್ತಿ ಪೂರ್ತಿ ಕೇಳಿಸಿತು. ಗೆರೆಯೂ ಇಲ್ಲ, ಇತರೆಯೂ ಇಲ್ಲ. ನಾನು ಮಾತ್ರ ಹೂವಿನ ಬುಟ್ಟಿಯನ್ನೇ ನೋಡುತ್ತಿದ್ದೆ. ಯಶೋದಮ್ಮನವರ ಸರದಿ ಬರುವಷ್ಟರಲ್ಲಿ ಹೂವು ಮುಗಿಯಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಮುಗಿಯಲಿಲ್ಲ. ನೂರಾ ಹನ್ನೆರಡನೆಯವರಾಗಿ ಎದ್ದು ಬಂದ ಯಶೋದಮ್ಮನವರಿಗೂ ಮೊಳದುದ್ದ ಹೂವು ಸಿಕ್ಕಿತು, ಇನ್ನೂ ಎರಡು ಮೊಳ ಬುಟ್ಟಿಯಲ್ಲಿ ಉಳಿಯಿತು. ಅಮ್ಮ ಆ ವರ್ಷ ಪಕ್ಕದ ಬೀದಿಯಿಂದಲೂ ಬಿಡಿ ಹೂವು ತರಿಸಿ ಹೆಚ್ಚಿಗೆ ಕಟ್ಟಿದ್ದಳು. ಯಾಕಮ್ಮ ಎಂದು ಆಮೇಲೆ ಕೇಳಿದ್ದಕ್ಕೆ, ಕೊನೇಲಿ ಕೂರೋರ ಸಂಕಟ ನನಗೆ ಗೊತ್ತಿಲ್ವೇ ಎಂದಳು. ನನಗೆ ಮುಖ ಎಲ್ಲಿಡಲಿ ಎನ್ನಿಸಿತು.

ಸಭೆ ಮುಗಿದ ಮೇಲೆ ಯಶೋದಮ್ಮನವರು ಹೂವು ಮುಡಿದುಕೊಂಡು ನಮ್ಮ ಹತ್ತಿರವೇ ಬಂದರು. ಕೊನೆಗೆ ಹಾಕಿದ್ದಕ್ಕೆ ಏನನ್ನುತ್ತಾರೋ ಎಂದು ನಾನು ಅಮ್ಮನ ಹಿಂದೆ ಸರಿದೆ. ಅವರಿಗೆ ಕೋಪವಿರಲಿಲ್ಲ, ಬರೀ ಆಶ್ಚರ್ಯ. ಮಿಷನ್ನೇ ಇಷ್ಟು ಚೆನ್ನಾಗಿ ಪಟ್ಟಿ ಬರೆದುಬಿಡುತ್ತಾ ಅಕ್ಕಮ್ಮ ಎಂದು ಕೇಳಿದರು. ಅಮ್ಮ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದು ನಿಲ್ಲಿಸಿದಳು.

"ಮಿಷನ್ ಬರ್ದಿದ್ದಲ್ಲ ಕಣ್ರೀ" ಅಂದಳು. "ನಮ್ ವಿಶಾಲು ಬರ್ಸಿದ್ದು."